ಜರ್ಮನ್‌ನ ‘ಸಿ-ಎಚ್’ ಬಾಯಿಗೆ ಬರಿಸಿಕೊಳ್ಳುವುದು ಹೇಗೆ: ‘ಇಶ್’ ಬಿಡಿಸುವ ಸಮಗ್ರ ಮಾರ್ಗದರ್ಶಿ

ಜರ್ಮನ್ ಕಲಿಯಲು ಹೊರಟ ಕನ್ನಡದವರು ಮೊದಲ ದಿನವೇ ಎಡವುವ ಪದ ‘ನಾನು’. ಐ, ಸಿ, ಎಚ್, ಮೂರೇ ಅಕ್ಷರ. ಕೆಲವರು ‘ಇಶ್’ ಅನ್ನುತ್ತಾರೆ, ಕೆಲವರು ‘ಇಕ್’, ಇನ್ನು ಕೆಲವರು ‘ಇಖ್’. ಎ1 ಅನ್ನುವ ಮೊದಲ ಮಟ್ಟ ಮುಗಿಸಿದವರೂ ಹೀಗೇ, ಬಿ1 ಅನ್ನುವ ನಡು ಮಟ್ಟ ಮುಗಿಸಿದವರೂ ಹೀಗೇ. ವ್ಯಾಕರಣ ಸರಿಹೋಗುತ್ತದೆ, ಪದಗಳು ಸೇರುತ್ತಾ ಹೋಗುತ್ತವೆ, ಈ ಒಂದು ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ.

ನನಗೂ ಬಹಳ ದಿನ ಹಾಗೇ ಇತ್ತು. ನಾನು ಸೇರಿದ್ದ ತರಗತಿಯಲ್ಲಿ ‘ಕೇಳಿ, ಹಾಗೇ ಹೇಳಿ’ ಅಂತಷ್ಟೇ ಹೇಳಿಕೊಡುತ್ತಿದ್ದರು. ಕೇಳಿದೆ, ಹೇಳಿದೆ, ಬಂದದ್ದು ‘ಇಶ್’. ಆಮೇಲೆ ಬೇರೆಯವರಿಗೆ ಹೇಳಿಕೊಡಲು ಕೂತಾಗ ಗೊತ್ತಾಯಿತು: ನಾವೆಲ್ಲ ತಪ್ಪು ಜಾಗದಿಂದ ಹೊರಡುತ್ತಿದ್ದೇವೆ. ಸದ್ದು ಕಿವಿಗೆ ಶ ಥರ ಕೇಳುತ್ತದೆ, ಅದಕ್ಕೇ ಶ ಹೇಳಿ ಅದನ್ನೇ ತಿದ್ದಲು ನೋಡುತ್ತೇವೆ. ಶದಿಂದ ಹೊರಟರೆ ಎಷ್ಟು ತಿದ್ದಿದರೂ ನಾಲಿಗೆ ಶ ಹತ್ತಿರವೇ ಸುತ್ತುತ್ತಿರುತ್ತದೆ. ಹೊರಡಬೇಕಾದದ್ದು ಯದಿಂದ. ಕೆಳಗಿನ ಹಂತಗಳ ಕ್ರಮವೂ ಅದನ್ನೇ ಹಿಡಿದು ಸಾಗುತ್ತದೆ. ದಯವಿಟ್ಟು ಯಾವ ಹಂತವನ್ನೂ ಹಾರಿಸಬೇಡಿ, ಮುಖ್ಯವಾಗಿ ಮೊದಲ ಮೂರನ್ನು.

## ಮೊದಲು ಒಂದು ಒಪ್ಪಂದ

ಸಿ-ಎಚ್ ಜೋಡಿಗೆ ಜರ್ಮನ್‌ನಲ್ಲಿ ಮುಖ್ಯವಾಗಿ ಎರಡು ಸದ್ದು. ಎರಡಕ್ಕೂ ಕನ್ನಡದಲ್ಲಿ ಸರಿಯಾದ ಅಕ್ಷರ ಇಲ್ಲ. ಹಾಗಾಗಿ ಇಲ್ಲಿ ಎರಡು ಗುರುತು ಇಟ್ಟುಕೊಳ್ಳೋಣ.

ಬಾಯಿಯ ಮುಂಭಾಗದ ಮೆತ್ತನೆಯ ಸದ್ದಿಗೆ ಹ್ಯ್. ‘ನಾನು’ ಅನ್ನುವ ಪದ ಇಹ್ಯ್.

ಬಾಯಿಯ ಹಿಂಭಾಗದ ಒರಟು ಸದ್ದಿಗೆ ಚುಕ್ಕಿ ಇರುವ ಖ಼್. ‘ಅಯ್ಯೋ’ ಅಥವಾ ‘ಓಹೋ’ ಅನ್ನುವ ಅರ್ಥದ ಉದ್ಗಾರ ಅಖ಼್.

ಜರ್ಮನ್ ಮೇಷ್ಟ್ರುಗಳು ಇವನ್ನು ‘ಇಹ್ಯ್-ಲೌಟ್’, ‘ಅಖ಼್-ಲೌಟ್’ ಅಂತಲೇ ಕರೆಯುತ್ತಾರೆ. ಲೌಟ್ ಅಂದರೆ ಸದ್ದು. ಎಸ್-ಸಿ-ಎಚ್ ಮೂರೂ ಸೇರಿದಾಗ ಬರುವ ಸದ್ದಿಗೆ ಷ್ ಅಂತ ಬರೆಯುತ್ತೇನೆ. ಶ ಅಂತ ಯಾಕೆ ಬರೆಯುವುದಿಲ್ಲ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಈ ಗುರುತುಗಳು ನೆನಪಿಗೆ ಮಾತ್ರ. ‘ಹ್ಯ್’ ಅನ್ನು ಕನ್ನಡದ ಹ, ಯ ಸೇರಿಸಿ ಓದಿದರೆ ಸದ್ದು ಬರುವುದಿಲ್ಲ. ಅದನ್ನು ಬಾಯಲ್ಲಿ ಕಟ್ಟಬೇಕು.

## ಬೇಕಾದ ಸಾಮಾನು

ಅಂಗೈ ಅಗಲದ ಕನ್ನಡಿ. ರೆಕಾರ್ಡರ್ ಇರುವ ಫೋನ್. ತೊಳೆದ ಒಂದು ಚಮಚ. ಒಂದು ಲೋಟ ನೀರು. ಬಾಗಿಲು ಹಾಕಿಕೊಂಡು ಕೂರಲು ಒಂದು ಜಾಗ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಉಸಿರು ಬಿಡಲು ನಾಚಿಕೆಯಾಗುತ್ತದೆ. ಈ ಸದ್ದು ಪೂರ್ತಿ ಉಸಿರಿನದು.

ದಿನಕ್ಕೆ 10 ನಿಮಿಷ ಸಾಕು, ಆದರೆ ಎರಡು ಸಲಕ್ಕೆ ಹಂಚಿಕೊಳ್ಳಿ: ಬೆಳಿಗ್ಗೆ 5, ಸಂಜೆ 5. ಭಾನುವಾರ ಒಟ್ಟಿಗೆ ಒಂದು ಗಂಟೆ ಕೂತರೆ ಪ್ರಯೋಜನವಿಲ್ಲ. ನಾಲಿಗೆ ದಣಿದು ಹಳೇ ಅಭ್ಯಾಸಕ್ಕೆ ಮರಳುತ್ತದೆ.

## ಹಂತ 1: ನಾಲಿಗೆ ತುದಿಯನ್ನು ಕೆಳಗೆ ಕೂರಿಸಿ

ಕನ್ನಡಿ ಮುಂದೆ ಕೂತು ಬಾಯಿ ಸ್ವಲ್ಪ ತೆರೆಯಿರಿ. ನಾಲಿಗೆ ತುದಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ತಾಗಿರಲಿ. ಒತ್ತುವುದು ಬೇಡ, ಒರಗಿಸಿದರೆ ಸಾಕು.

ಈಗ ‘ಶ್…’ ಅನ್ನಿ, ಮಗುವನ್ನು ಸುಮ್ಮನಿರಿಸುವಾಗ ಅನ್ನುವ ಹಾಗೆ. ಹೆಚ್ಚಿನವರಿಗೆ ನಾಲಿಗೆಯ ಮುಂಭಾಗ ತಾನಾಗಿ ಮೇಲೇಳುತ್ತದೆ. ಅದೇ ನಮ್ಮ ತೊಂದರೆ. ಇಹ್ಯ್ ಸದ್ದಿಗೆ ತುದಿ ಏಳಬಾರದು. ಏಳಬೇಕಾದದ್ದು ನಾಲಿಗೆಯ ನಡುಭಾಗ. ಅದು ಅಂಗುಳಿನ ಗಟ್ಟಿ ಭಾಗದ ಹತ್ತಿರ ಹೋಗಬೇಕು. ನಾಲಿಗೆಯ ಎರಡೂ ಅಂಚು ಮೇಲಿನ ದವಡೆ ಹಲ್ಲುಗಳಿಗೆ ತಾಗಿರಬೇಕು. ನಡುವೆ ಉಳಿಯುವ ಸಣ್ಣ ಸಂದಿಯಲ್ಲಿ ಗಾಳಿ ನುಸುಳುತ್ತದೆ.

ತುದಿ ಮಾತು ಕೇಳದಿದ್ದರೆ ಚಮಚದ ಹಿಡಿಯನ್ನು ತುದಿಯ ಮೇಲೆ ಮೆಲ್ಲಗೆ ಇಟ್ಟುಕೊಳ್ಳಿ. ಒಳಗೆ ತುಂಬಾ ದೂರ ತೂರಿಸಬೇಡಿ, ಓಕರಿಕೆ ಬರುತ್ತದೆ. ಹಲ್ಲಿನಿಂದ ಒಂದು ಬೆರಳಿನ ಅಗಲ ಒಳಗೆ ಹೋದರೆ ಸಾಕು. ಮೊದಲ ಎರಡು ದಿನ ಚಮಚ ಇಟ್ಟುಕೊಂಡೇ ಮುಂದಿನ ಹಂತ ಮಾಡಿ.

## ಹಂತ 2: ಯದಿಂದ ದನಿ ತೆಗೆದು ಉಸಿರು ಬಿಡಿ

ಇಡೀ ಕಲಿಕೆಯ ತಿರುಳು ಈ ಹಂತ. ಅವಸರ ಬೇಡ.

‘ಎಲ್ಲಿ’ ಅನ್ನುವುದನ್ನು ‘ಯೆಲ್ಲಿ’ ಅಂತಲೂ, ‘ಎಂಟು’ ಅನ್ನುವುದನ್ನು ‘ಯೆಂಟು’ ಅಂತಲೂ ಅನ್ನುವವರು ನಾವು. ಯ ನಮ್ಮ ಬಾಯಿಗೆ ನೀರು ಕುಡಿದಷ್ಟು ಸಲೀಸು. ಅದನ್ನೇ ಬಳಸಿಕೊಳ್ಳೋಣ.

ಗಂಟಲ ಮೇಲೆ ಎರಡು ಬೆರಳಿಡಿ. ‘ಯೀ…’ ಅಂತ ಉದ್ದಕ್ಕೆ ಎಳೆಯಿರಿ. ಬೆರಳಿಗೆ ನಡುಕ ಗೊತ್ತಾಗುತ್ತದೆ, ಅದೇ ದನಿ. ಈಗ ನಾಲಿಗೆಯನ್ನು ಕೂದಲೆಳೆಯಷ್ಟೂ ಅಲ್ಲಾಡಿಸದೆ ದನಿಯನ್ನು ನಿಲ್ಲಿಸಿ, ಉಸಿರು ಮಾತ್ರ ಬಿಡಿ. ಗುಟ್ಟು ಹೇಳುವಾಗ ಮಾತಾಡುತ್ತೀರಲ್ಲ, ಹಾಗೆ. ಬೆರಳಿನ ಕೆಳಗೆ ನಡುಕ ನಿಲ್ಲಬೇಕು, ಗಾಳಿ ಮಾತ್ರ ಹರಿಯುತ್ತಿರಬೇಕು.

ಮೊದಲ ಸಲ ಬರುವುದು ಬರೀ ಉಸಿರು, ಸದ್ದೇ ಇಲ್ಲ ಅನ್ನಿಸಬಹುದು. ಆಗ ನಾಲಿಗೆಯ ನಡುಭಾಗವನ್ನು ಇನ್ನೊಂದು ಚೂರು ಮೇಲಕ್ಕೆ ತನ್ನಿ, ಉಸಿರನ್ನು ಸ್ವಲ್ಪ ಜೋರಾಗಿ ತಳ್ಳಿ. ಗಾಳಿ ಅಂಗುಳಿಗೆ ಉಜ್ಜಿಕೊಂಡು ಹೋಗುವ ತೆಳುವಾದ ‘ಹ್ಯ್…’ ಕೇಳುತ್ತದೆ. ಎದುರಿಗೆ ಇನ್ನೊಂದು ಬೆಕ್ಕು ಬಂದಾಗ ಬೆಕ್ಕು ಹಲ್ಲು ಕಿರಿದು ಬಿಡುವ ಸದ್ದು ನೆನಪಿಸಿಕೊಳ್ಳಿ. ಅದರ ಹತ್ತಿರ ಇರುತ್ತದೆ.

ಸರಿಯಾದ ಜಾಗ ಸಿಕ್ಕಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ, ನಾನು ಎಲ್ಲರಿಗೂ ಹೇಳುವುದು ಇದನ್ನೇ. ಸದ್ದು ಮಾಡುತ್ತಾ ಇದ್ದ ಹಾಗೇ ನಿಲ್ಲಿಸಿ, ನಾಲಿಗೆ ಅಲ್ಲಾಡಿಸದೆ ಬಾಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಿ. ಎಲ್ಲಿ ತಣ್ಣಗಾಯಿತು? ಅಂಗುಳಿನ ನಡುವೆ ತಣ್ಣಗಾದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಮೇಲಿನ ಹಲ್ಲಿನ ಹಿಂದೆಯೇ ತಣ್ಣಗಾದರೆ ಅದು ಶ. ಗಂಟಲ ಕಡೆ ತಣ್ಣಗಾದರೆ ತುಂಬಾ ಹಿಂದೆ ಹೋಗಿದ್ದೀರಿ. ಕಿವಿ ಮೋಸ ಮಾಡಬಹುದು, ಅಂಗುಳು ಮೋಸ ಮಾಡುವುದಿಲ್ಲ.

ತುಟಿಗಳನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಿ. ಸಣ್ಣಗೆ ನಕ್ಕಾಗ ಇರುವ ಹಾಗೆ ಅಗಲವಾಗಿರಬೇಕು. ಮುಂದಕ್ಕೆ ಚಾಚಿಕೊಂಡರೆ ಸದ್ದು ಷ್ ಕಡೆ ವಾಲುತ್ತದೆ.

ಈಗ ‘ಹ್ಯ್…’ ಅನ್ನು ಮೂರು ಸೆಕೆಂಡ್ ಹಿಡಿದಿಡಿ, ಬಿಡಿ. ಹತ್ತು ಸಲ. ನಡುವೆ ಎರಡು ಮೂರು ಸಹಜ ಉಸಿರು ತೆಗೆದುಕೊಳ್ಳಿ. ಒಂದೇ ಸಮ ಊದಿದರೆ ತಲೆ ತಿರುಗುತ್ತದೆ. ತಿರುಗಿದರೆ ಅಲ್ಲಿಗೇ ನಿಲ್ಲಿಸಿ ನೀರು ಕುಡಿಯಿರಿ.

## ಹಂತ 3: ‘ಶಾಂತಿಃ’ ಸಹಾಯ ತೆಗೆದುಕೊಳ್ಳಿ

ಎರಡನೇ ಹಂತ ಕೆಲವರಿಗೆ ಒಗ್ಗುವುದಿಲ್ಲ. ಅವರಿಗೆ ಇನ್ನೊಂದು ದಾರಿ ಇದೆ. ನನಗೆ ಇಷ್ಟವಾದದ್ದೂ ಇದೇ.

ಪ್ರಾರ್ಥನೆಯ ಕೊನೆಗೆ ‘ಓಂ ಶಾಂತಿಃ ಶಾಂತಿಃ ಶಾಂತಿಃ’ ಅಂತ ಹೇಳುವುದನ್ನು ಕೇಳಿರುತ್ತೀರಿ. ವಿಸರ್ಗ ಅಲ್ಲಿ ಬರೀ ಹ ಆಗುವುದಿಲ್ಲ, ಹಿಂದಿನ ಸ್ವರದ ನೆರಳು ಬಿದ್ದು ‘ಶಾಂತಿಹಿ’ ಆಗುತ್ತದೆ. ‘ರಾಮಃ’ ಅಂದಾಗ ‘ರಾಮಹ’, ‘ಗುರುಃ’ ಅಂದಾಗ ‘ಗುರುಹು’. ಅಂದರೆ ಹಿಂದಿನ ಸ್ವರಕ್ಕೆ ತಕ್ಕಂತೆ ಉಸಿರಿನ ಜಾಗ ಬದಲಾಗುತ್ತದೆ. ಜರ್ಮನ್‌ನ ಸಿ-ಎಚ್ ಕೂಡ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಐದನೇ ಹಂತದ ನಂತರ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಈಗ ‘ಶಾಂತಿಹಿ’ ಅನ್ನಿ. ಕೊನೆಯ ‘ಹಿ’ಯನ್ನು ಪಿಸುಮಾತಿನಲ್ಲಿ ಹೇಳಿ. ಅದರ ಸ್ವರವನ್ನೂ ನುಂಗಿಬಿಡಿ, ಉಸಿರು ಮಾತ್ರ ಉಳಿಯಲಿ: ‘ಶಾಂತಿಹ್ಯ್’. ಮುಂದಿನ ‘ಶಾಂತ್’ ತೆಗೆದರೆ ಉಳಿಯುವುದು ‘ಇಹ್ಯ್’. ಜರ್ಮನ್‌ನ ‘ನಾನು’ ಅದೇ.

ಇಲ್ಲಿ ಒಂದು ಎಚ್ಚರ. ನಮ್ಮ ಹ ದನಿ ಬೆರೆತ, ತುಂಬಾ ಸಡಿಲವಾದ ಸದ್ದು. ಬರೀ ಹ ಬಿಟ್ಟರೆ ಜರ್ಮನ್ನರಿಗೆ ಏನೂ ಕೇಳುವುದಿಲ್ಲ, ‘ಇ’ ಅಷ್ಟೇ ಕೇಳುತ್ತದೆ. ಗಾಳಿ ಉಜ್ಜುವ ಸದ್ದು ಕೇಳಲೇಬೇಕು. ತಣ್ಣಗಾಗುವ ಪರೀಕ್ಷೆಯನ್ನು ಇಲ್ಲೂ ಮಾಡಿ ನೋಡಿ.

## ಹಂತ 4: ಶ-ಷ ಗೊಂದಲ ಬಿಡಿಸಿ

ಇಹ್ಯ್ ಚೆನ್ನಾಗಿ ಬಂದವರೂ ಒಂದು ವಾರದಲ್ಲಿ ಮತ್ತೆ ಇಶ್‌ಗೆ ಜಾರುತ್ತಾರೆ. ಕಾರಣ ಎದುರಿನ ಸದ್ದನ್ನು ಬೇರೆ ಮಾಡದೆ ಇರುವುದು. ಕನ್ನಡದ ಶ ಬಾಯಲ್ಲಿ ಸಾಕಷ್ಟು ಒಳಗೆ, ಅಂಗುಳಿನ ಹತ್ತಿರ ಹುಟ್ಟುತ್ತದೆ. ಜರ್ಮನ್‌ನ ಎಸ್-ಸಿ-ಎಚ್‌ಗೂ ಇಹ್ಯ್‌ಗೂ ನಡುವೆ ಎಲ್ಲೋ ಅದು ಕೂತಿದೆ. ನಾವು ಎರಡಕ್ಕೂ ಅದನ್ನೇ ಬಳಸಿದಾಗ ಎರಡು ಪದ ಒಂದೇ ಆಗಿಬಿಡುತ್ತವೆ.

ಇಗರ್ಜಿಗೆ ಜರ್ಮನ್‌ನಲ್ಲಿ ‘ಕಿರ್ಹ್ಯೆ’. ಚೆರಿ ಹಣ್ಣಿಗೆ ‘ಕಿರ್ಷೆ’. ಜನರಿಗೆ ‘ಮೆನ್ಷನ್’. ಪುಟ್ಟ ಮನುಷ್ಯನಿಗೆ, ಪ್ರಾಣಿಗಳಲ್ಲಿ ಗಂಡಿಗೆ ‘ಮೆನ್‌ಹ್ಯೆನ್’. ನಮ್ಮ ಶ ಹಾಕಿದರೆ ಇಗರ್ಜಿ ಯಾವುದು, ಹಣ್ಣು ಯಾವುದು ಅಂತ ಕೇಳುವವರು ಊಹಿಸಬೇಕಾಗುತ್ತದೆ.

ಪರಿಹಾರ: ಎಸ್-ಸಿ-ಎಚ್ ಅನ್ನು ಶದಿಂದ ದೂರ ತಳ್ಳಿ. ಷಣ್ಮುಖ ಅನ್ನುವಾಗಿನ ಷವನ್ನು ಮೇಷ್ಟ್ರು ಹೇಳಿಕೊಟ್ಟ ಹಾಗೆ ಹೇಳಿ, ಜೊತೆಗೆ ತುಟಿ ಗುಂಡಗೆ ಮಾಡಿ ಮುಂದಕ್ಕೆ ಚಾಚಿ. ಮೇಜು ಅನ್ನುವ ‘ಟಿಷ್’ ಪದವನ್ನು ಕನ್ನಡಿ ಮುಂದೆ ಹೇಳಿದಾಗ ತುಟಿ ಮುಂದೆ ಬರುವುದು ಕಾಣಬೇಕು. ‘ನಿನ್ನನ್ನು’ ಅನ್ನುವ ‘ದಿಹ್ಯ್’ ಹೇಳಿದಾಗ ತುಟಿ ಹಿಂದಕ್ಕೆ ಸರಿಯಬೇಕು. ಟಿಷ್, ದಿಹ್ಯ್, ಟಿಷ್, ದಿಹ್ಯ್. ಕನ್ನಡಿಯಲ್ಲಿ ತುಟಿ ಮುಂದೆ ಹಿಂದೆ ಓಡಾಡುವುದು ಕಾಣದಿದ್ದರೆ ನೀವು ಎರಡಕ್ಕೂ ಶ ಹಾಕುತ್ತಿದ್ದೀರಿ ಅಂತಲೇ ಲೆಕ್ಕ.

## ಹಂತ 5: ಅಖ಼್ ಸದ್ದು

ಇದು ಸುಲಭ. ಉರ್ದು ಗೊತ್ತಿರುವವರಿಗೆ ಹೇಳಿಕೊಡುವುದೇ ಬೇಡ. ಕಲಬುರಗಿ, ಬೀದರ್ ಕಡೆ ದಖನಿ ಕೇಳಿ ಬೆಳೆದವರಿಗೆ ‘ಖ಼ಬರ್’, ‘ಖ಼ಾಲಿ’ ಅನ್ನುವ ಸದ್ದು ಕಿವಿಯಲ್ಲೇ ಇದೆ. ವೇದಪಾಠ ಕಲಿತವರಿಗೂ ಇದರ ಪರಿಚಯ ಇರುತ್ತದೆ. ವಿಸರ್ಗದ ಮುಂದೆ ಕ, ಖ ಬಂದಾಗ ಹುಟ್ಟುವ ಜಿಹ್ವಾಮೂಲೀಯ ಇದೇ ಜಾಗದ್ದು. ಹೆಸರಲ್ಲೇ ಇದೆಯಲ್ಲ, ನಾಲಿಗೆಯ ಬುಡದ ಸದ್ದು ಅಂತ.

ಉಳಿದವರು ಹೀಗೆ ಮಾಡಿ. ‘ಅಕ್’ ಅನ್ನಿ. ಕ್ ಹತ್ತಿರ ನಾಲಿಗೆಯ ಹಿಂಭಾಗ ಮೇಲೆ ಅಂಟಿಕೊಂಡು ಗಾಳಿ ಪೂರ್ತಿ ನಿಲ್ಲುತ್ತದೆ. ಅಲ್ಲೇ ಇರಿ. ಈಗ ಆ ಅಂಟನ್ನು ಚೂರೇ ಚೂರು ಸಡಿಲಿಸಿ, ಬಾಗಿಲು ಕಿಂಡಿ ಬಿಟ್ಟ ಹಾಗೆ. ಗಾಳಿ ಒರಟಾಗಿ ಹೊರಗೆ ಬರುತ್ತದೆ: ‘ಅಖ಼್…’.

ಇದು ಕನ್ನಡದ ಖ ಅಲ್ಲ. ಖ ಅಂದರೆ ತಡೆದು ಬಿಡುವ ಸದ್ದು. ಅದನ್ನು ಎಳೆಯಲು ಬರುವುದಿಲ್ಲ. ಖ಼್ ಅನ್ನು ಉಸಿರು ಇರುವವರೆಗೆ ಎಳೆಯಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿ ಮೂರು ಸೆಕೆಂಡ್ ಎಳೆಯಿರಿ. ಎಳೆಯಲು ಆಗದಿದ್ದರೆ ನೀವು ಇನ್ನೂ ಖ ಹೇಳುತ್ತಿದ್ದೀರಿ.

ವ್ಯತ್ಯಾಸ ಸಣ್ಣದಲ್ಲ. ರಾತ್ರಿಗೆ ‘ನಖ಼್ಟ್’, ಬೆತ್ತಲೆಗೆ ‘ನಕ್ಟ್’. ಆಸ್ಪತ್ರೆಯಲ್ಲಿ ಕೆಲಸ ಮಾಡಲು ಜರ್ಮನಿಗೆ ಹೊರಡುವ ನರ್ಸ್‌ಗಳು ದಿನವೂ ರೋಗಿಗಳಿಗೆ ‘ಗೂಟೆ ನಖ಼್ಟ್’ ಅಂತ ಶುಭರಾತ್ರಿ ಹೇಳಬೇಕು. ಕ್ ಹೇಳಿದರೆ ಏನಾಗುತ್ತದೆ ಅಂತ ಯೋಚಿಸಿ. ಹಾಗೇ ‘ದಿಹ್ಯ್’ ಅಂದರೆ ನಿನ್ನನ್ನು, ‘ದಿಕ್’ ಅಂದರೆ ದಪ್ಪ. ‘ನಿಹ್ಯ್ಟ್’ ಅಂದರೆ ಅಲ್ಲ, ‘ನಿಕ್ಟ್’ ಅಂದರೆ ತಲೆ ಆಡಿಸುತ್ತಾನೆ.

ಎಚ್ಚರಿಕೆ: ಗಂಟಲು ಕ್ಯಾಕರಿಸಬೇಡಿ. ‘ಕಫ ತೆಗೆಯುವ ಹಾಗೆ ಹೇಳಿ’ ಅಂತ ಕೆಲವರು ಹೇಳಿಕೊಡುತ್ತಾರೆ, ಆ ಸಲಹೆ ಒಳ್ಳೆಯದಲ್ಲ. ಸದ್ದು ಹುಟ್ಟಬೇಕಾದದ್ದು ನಾಲಿಗೆಯ ಬೆನ್ನು ಮತ್ತು ಮೆತ್ತನೆಯ ಅಂಗುಳಿನ ನಡುವೆ, ಗಂಟಲಲ್ಲಿ ಅಲ್ಲ. ಗಂಟಲು ಉರಿದರೆ, ದನಿ ಒಡೆದರೆ ತಪ್ಪು ಜಾಗದಲ್ಲಿ ಉಜ್ಜುತ್ತಿದ್ದೀರಿ. ಆ ದಿನಕ್ಕೆ ನಿಲ್ಲಿಸಿ.

## ಹಂತ 6: ಯಾವುದು ಎಲ್ಲಿ?

ಸಿ-ಎಚ್‌ನ ಹಿಂದೆ ಏನಿದೆ ಅಂತ ನೋಡಿ. ಹಿಂದೆ ಅ, ಒ, ಉ, ಔ ಸ್ವರ ಇದ್ದರೆ ಖ಼್. ಬೇರೆ ಏನೇ ಇದ್ದರೂ ಹ್ಯ್. ಅಂದರೆ ಇ, ಎ, ಐ, ಒಯ್, ಎರಡು ಚುಕ್ಕಿ ಹೊತ್ತ ಸ್ವರಗಳು, ಮತ್ತೆ ಲ್, ನ್, ರ್ ವ್ಯಂಜನಗಳು.

ಬಾಯಿಪಾಠ ಮಾಡಬೇಕಾಗಿಲ್ಲ. ಉ ಹೇಳಿದಾಗ ನಾಲಿಗೆ ಆಗಲೇ ಹಿಂದೆ ಇರುತ್ತದೆ, ಅಲ್ಲೇ ಉಜ್ಜುವುದು ಸುಲಭ. ಇ ಹೇಳಿದಾಗ ಮುಂದೆ ಇರುತ್ತದೆ. ಶಾಂತಿಹಿ, ಗುರುಹು ನೆನಪಿದೆಯಲ್ಲ?

ಒಂದೇ ಪದ ಬಹುವಚನದಲ್ಲಿ ಸ್ವರ ಬದಲಿಸಿದಾಗ ಸದ್ದೂ ಜಾಗ ಬದಲಿಸುತ್ತದೆ. ಈ ಜೋಡಿಗಳು ಒಳ್ಳೆಯ ವ್ಯಾಯಾಮ:

ಪುಸ್ತಕ: ಬೂಖ಼್, ಬ್ಯೂಹ್ಯ
ರಾತ್ರಿ: ನಖ಼್ಟ್, ನೆಹ್ಯ್‌ಟೆ
ಸೂರು: ದಖ಼್, ದೆಹ್ಯ
ಮಗಳು: ಟೊಖ಼್‌ಟ, ಟ್ಯೋಹ್ಯ್‌ಟ
ಹೊಟ್ಟೆ: ಬೌಖ಼್, ಬೊಯ್‌ಹ್ಯೆ

‘ಬ್ಯೂ’, ‘ಟ್ಯೋ’ ಅಂತ ಬರೆದದ್ದು ಹೊಂದಾಣಿಕೆ ಅಷ್ಟೇ. ಯು ಮೇಲೆ ಎರಡು ಚುಕ್ಕಿ ಇದ್ದರೆ ತುಟಿ ಊ ಥರ ಗುಂಡಗೆ, ನಾಲಿಗೆ ಈ ಥರ ಮುಂದೆ. ಈ ಸ್ವರಗಳ ನಂತರ ತುಟಿ ಗುಂಡಗೇ ಉಳಿಯುತ್ತದೆ, ಹಾಗಾಗಿ ತುಟಿಯ ಕನ್ನಡಿ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ತಣ್ಣಗಾಗುವ ಪರೀಕ್ಷೆಯನ್ನೇ ನಂಬಿ.

ಒಂದು ದೊಡ್ಡ ಬಲೆ: ‘ಪುಟ್ಟ’ ಅನ್ನುವ ಅರ್ಥ ಕೊಡುವ ‘ಹ್ಯೆನ್’ ಬಾಲ. ಇದು ಯಾವ ಸ್ವರದ ನಂತರ ಬಂದರೂ ಹ್ಯ್ ಆಗಿಯೇ ಇರುತ್ತದೆ. ಸಾಕಿದ ನಾಯಿಯ ಯಜಮಾನಿಗೆ ‘ಫ್ರೌ-ಹ್ಯೆನ್’, ಹಿಂದೆ ಔ ಇದ್ದರೂ ಹ್ಯ್. ಇನ್ನೂ ಕಷ್ಟದ್ದು ‘ಸ್ವಲ್ಪ’ ಅನ್ನುವ ‘ಬಿಸ್-ಹ್ಯೆನ್’, ಪುಟ್ಟ ಮನೆ ಅನ್ನುವ ‘ಹೊಯ್ಸ್-ಹ್ಯೆನ್’. ಬರೆದಾಗ ಎಸ್, ಸಿ, ಎಚ್ ಒಟ್ಟಿಗೆ ಕಾಣುತ್ತವೆ. ಕಣ್ಣು ಷ್ ಅನ್ನುತ್ತದೆ. ಆದರೆ ಸ್ ಬೇರೆ, ಹ್ಯ್ ಬೇರೆ. ಪದವನ್ನು ಎರಡು ತುಂಡು ಮಾಡಿ, ನಡುವೆ ನಿಲ್ಲಿಸಿ, ಆಮೇಲೆ ಜೋಡಿಸಿ.

## ಹಂತ 7: ಪದದೊಳಗೆ ಕೂರಿಸಿ

ಬಿಡಿ ಸದ್ದು ಬಂದರೂ ಪದದಲ್ಲಿ ಹಾಳಾಗುವುದು ಮೂರು ರೀತಿ.

ಮೊದಲನೆಯದು, ಕೊನೆಗೆ ಸ್ವರ ಸೇರಿಸುವುದು. ಬಸ್ಸು, ಕಾರು, ಬುಕ್ಕು ಅನ್ನುವ ನಾಲಿಗೆ ನಮ್ಮದು. ಪದ ವ್ಯಂಜನದಲ್ಲಿ ಮುಗಿದರೆ ಏನೋ ಕಮ್ಮಿಯಾಯಿತು ಅನ್ನಿಸುತ್ತದೆ. ಹಾಗಾಗಿ ‘ಬೂಖ಼್’ ಹೋಗಿ ‘ಬೂಖು’, ‘ಇಹ್ಯ್’ ಹೋಗಿ ‘ಇಹ್ಯಿ’ ಆಗುತ್ತದೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ. ಸದ್ದು ಮುಗಿಯುವಾಗ ನಡುಕ ಇರಬಾರದು. ಕೊನೆಗೆ ಮತ್ತೆ ನಡುಗಿದರೆ ಸ್ವರ ಸೇರಿಕೊಂಡಿದೆ.

ಎರಡನೆಯದು, ಇಂಗ್ಲಿಷ್ ಕಣ್ಣು. ಸಿ-ಎಚ್ ಕಂಡ ಕೂಡಲೇ ಚ ಅನ್ನುತ್ತೇವೆ. ‘ಮ್ಯೂನ್ಚೆನ್’, ‘ಮೇಡ್ಚೆನ್’ ಅಂತ ಓದುವುದು ಇದರಿಂದಲೇ. ಮ್ಯೂನಿಕ್ ಊರಿನ ಜರ್ಮನ್ ಹೆಸರು ‘ಮ್ಯುನ್-ಹ್ಯೆನ್’, ಹುಡುಗಿ ‘ಮೇಟ್-ಹ್ಯೆನ್’. ಇಲ್ಲೂ ತುಂಡು ಮಾಡುವುದೇ ಮದ್ದು.

ಮೂರನೆಯದು, ರ್ ನಂತರದ ಹ್ಯ್. ‘ಮೂಲಕ’ ಅನ್ನುವ ‘ದುರ್ಹ್ಯ್’ ಪದದಲ್ಲಿ ನಾವು ರ ಅನ್ನು ನಾಲಿಗೆ ತುದಿಯಿಂದ ಬಡಿಯುತ್ತೇವೆ. ತುದಿ ಮೇಲೆದ್ದ ಮೇಲೆ ಹ್ಯ್ ಸಿಗುವುದಿಲ್ಲ, ಷ್ ಆಗಿಬಿಡುತ್ತದೆ. ಹೆಚ್ಚಿನ ಜರ್ಮನ್ನರು ಅಲ್ಲಿ ರ ಬಡಿಯುವುದೇ ಇಲ್ಲ. ಅದು ಸಡಿಲವಾಗಿ ‘ದುಅಹ್ಯ್’ ಥರ ಕೇಳುತ್ತದೆ. ಹಾಗೇ ಹೇಳಿ, ‘ಕಿಅಹ್ಯೆ’. ತುದಿ ಕೆಳಗೇ ಕೂತಿರುತ್ತದೆ, ಕೆಲಸ ಅರ್ಧ ಆಯಿತು. ಹಾಲು ಅನ್ನುವ ‘ಮಿಲ್ಹ್ಯ್’ ಪದದಲ್ಲಿ ಮಾತ್ರ ಲ್‌ಗೆ ತುದಿ ಏಳಲೇಬೇಕು. ಲ್ ಮುಗಿದ ಕೂಡಲೇ ತುದಿಯನ್ನು ಕೆಳಗಿಳಿಸುವುದನ್ನು ನಿಧಾನವಾಗಿ ಅಭ್ಯಾಸ ಮಾಡಿ.

## ಹಂತ 8: ಹತ್ತುಗಳನ್ನು ಎಣಿಸಿ

ಪದದ ಕೊನೆಗೆ ಐ-ಜಿ ಬಂದರೆ, ಸಿ-ಎಚ್ ಇಲ್ಲದಿದ್ದರೂ, ಪ್ರಮಾಣ ಜರ್ಮನ್‌ನಲ್ಲಿ ಇಹ್ಯ್ ಅಂತಲೇ ಹೇಳುತ್ತಾರೆ. 20ರಿಂದ 90ರವರೆಗಿನ ಹತ್ತುಗಳೆಲ್ಲ ಹೀಗೇ ಮುಗಿಯುತ್ತವೆ. ಬಸ್ಸಿನಲ್ಲಿ ಕೂತಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ ಎಣಿಸಿ:

ತ್ಸ್ವಾನ್‌ತ್ಸಿಹ್ಯ್, ದ್ರೈಸಿಹ್ಯ್, ಫೀರ್‌ತ್ಸಿಹ್ಯ್, ಫ್ಯುನ್ಫ್‌ತ್ಸಿಹ್ಯ್, ಜ಼ೆಹ್ಯ್‌ತ್ಸಿಹ್ಯ್, ಜ಼ೀಪ್‌ತ್ಸಿಹ್ಯ್, ಅಖ಼್‌ತ್ಸಿಹ್ಯ್, ನೊಯ್ನ್‌ತ್ಸಿಹ್ಯ್.

60ರಲ್ಲಿ ಹ್ಯ್ ಎರಡು ಸಲ ಬರುತ್ತದೆ. 80ರಲ್ಲಿ ಖ಼್ ಮೊದಲು, ಹ್ಯ್ ಆಮೇಲೆ. ಈ ಎರಡನ್ನು ಜಾಸ್ತಿ ಹೇಳಿ.

ಐ-ಜಿ ಮುಂದೆ ಸ್ವರ ಸೇರಿದರೆ ಗ ವಾಪಸ್ ಬರುತ್ತದೆ. ಮುಖ್ಯ ಅನ್ನುವುದು ‘ವಿಹ್ಯ್‌ಟಿಹ್ಯ್’, ಬಾಲ ಸೇರಿದಾಗ ‘ವಿಹ್ಯ್‌ಟಿಗೆ’. ಬವೇರಿಯಾ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಕೊನೆಯಲ್ಲಿ ‘ಇಕ್’ ಅನ್ನುವುದು ಸಾಮಾನ್ಯ. ಅಲ್ಲಿಗೆ ಹೋಗುವವರು ಗಾಬರಿಯಾಗಬೇಡಿ.

## ಮೋಸ ಮಾಡುವ ಬರಹಗಳು

ಸಿ-ಎಚ್ ಆದ ಮೇಲೆ ಎಸ್ ಬಂದರೆ ಎಷ್ಟೋ ಪದಗಳಲ್ಲಿ ಕ್ಸ್: 6 ‘ಜ಼ೆಕ್ಸ್’, ನರಿ ‘ಫುಕ್ಸ್’. ಆದರೆ 16 ‘ಜ಼ೆಹ್ಯ್‌ತ್ಸೇನ್’. ‘ಮುಂದಿನ’ ಅನ್ನುವುದು ‘ನೇಹ್ಯ್‌ಸ್ಟೆ’. ‘ನೀನು ಮಾಡುತ್ತೀಯ’ ಅನ್ನುವುದು ‘ದೂ ಮಖ಼್‌ಸ್ಟ್’, ಇಲ್ಲಿ ಎಸ್ ಕ್ರಿಯಾಪದದ ಬಾಲ, ಕ್ಸ್ ಆಗುವುದಿಲ್ಲ.

ಪದದ ಮೊದಲಲ್ಲಿ ಸಿ-ಎಚ್ ಬಂದರೆ ಪದಪದಕ್ಕೂ ಬೇರೆ. ಗಾಯನವೃಂದ ಅನ್ನುವ ಕೋರ್, ಸ್ವಭಾವ ಅನ್ನುವ ಕರಾಕ್ಟರ್, ಕೆಮ್ನಿತ್ಸ್ ಊರು: ಇಲ್ಲೆಲ್ಲ ಕ್. ಷೆಫ್ ಅಂದರೆ ಮೇಲಧಿಕಾರಿ, ಅದಕ್ಕೆ ಷ್. ಚೀನಾ ದೇಶ ‘ಹ್ಯೀನಾ’, ರಸಾಯನಶಾಸ್ತ್ರ ‘ಹ್ಯೆಮೀ’. ದಕ್ಷಿಣದವರು ಇವಕ್ಕೆ ಕ್ ಹಾಕುತ್ತಾರೆ. ಇವನ್ನು ಸಿಕ್ಕಿದ ಹಾಗೆ ಒಂದೊಂದಾಗಿ ಕಲಿಯುವುದೇ ದಾರಿ.

## ‘ಜರ್ಮನ್ನರೇ ಇಶ್ ಅನ್ನುತ್ತಾರಲ್ಲ?’

ಅನ್ನುತ್ತಾರೆ, ನಿಜ. ಕ್ಯೋಲ್ನ್ (ಇಂಗ್ಲಿಷ್‌ನಲ್ಲಿ ಕಲೋನ್) ಊರಿನ ಸುತ್ತಿನ ರೈನ್ ಸೀಮೆಯಲ್ಲಿ ‘ಇಷ್’ ಕೇಳುತ್ತೀರಿ. ಬರ್ಲಿನ್‌ನ ಆಡುಮಾತಲ್ಲಿ ‘ಇಕ್’. ಸ್ವಿಸ್ ಜರ್ಮನ್‌ನಲ್ಲಿ ಎಲ್ಲ ಕಡೆಯೂ ಹಿಂದಿನ ಒರಟು ಖ಼್.

ಆದರೂ ನನ್ನ ಸಲಹೆ, ಇದನ್ನು ನೆಪ ಮಾಡಿಕೊಳ್ಳಬೇಡಿ. ಅವರ ಮಾತಿನ ಉಳಿದೆಲ್ಲ ಸದ್ದು, ಏರಿಳಿತ ಕೇಳುವವರಿಗೆ ದಾರಿ ತೋರಿಸುತ್ತದೆ. ನಮ್ಮ ಮಾತಲ್ಲಿ ಆಗಲೇ ಸ್ವರ, ಒತ್ತು, ರ ಎಲ್ಲ ಬೇರೆ ಇರುತ್ತವೆ. ಅದರ ಮೇಲೆ ಇದೂ ತಪ್ಪಿದರೆ ಕೇಳುವವರಿಗೆ ಜಾಸ್ತಿ ಶ್ರಮ. ಮೊದಲು ಪ್ರಮಾಣ ಸದ್ದು ಕಲಿಯಿರಿ. ಕ್ಯೋಲ್ನ್‌ನಲ್ಲಿ ಹತ್ತು ವರ್ಷ ಇದ್ದು ತಾನಾಗಿ ಇಷ್ ಬಂದರೆ ಬರಲಿ.

## ಹಂತ 9: ವಾಕ್ಯದಲ್ಲಿ ಹೇಳಿ, ರೆಕಾರ್ಡ್ ಮಾಡಿ

ಮೂರು ಪದದ ಒಂದು ವಾಕ್ಯ ಸಾಕು: ಇಹ್ಯ್ ಔಖ಼್ ನಿಹ್ಯ್ಟ್. ‘ನಾನೂ ಇಲ್ಲ’ ಅಂತ. ಮುಂದೆ, ಹಿಂದೆ, ಮುಂದೆ. ನಿಧಾನವಾಗಿ ಐದು ಸಲ, ಮಾತಿನ ವೇಗದಲ್ಲಿ ಐದು ಸಲ.

ಅದು ಸಲೀಸಾದ ಮೇಲೆ: ಇಹ್ಯ್ ಷ್ಪ್ರೆಹ್ಯೆ ನೊಖ಼್ ನಿಹ್ಯ್ಟ್ ಗೂಟ್ ದೊಯ್ಚ್. ‘ನನಗೆ ಇನ್ನೂ ಜರ್ಮನ್ ಚೆನ್ನಾಗಿ ಬರುವುದಿಲ್ಲ.’ ಹ್ಯ್, ಷ್, ಖ಼್, ಚ್ ನಾಲ್ಕೂ ಇದರಲ್ಲಿ ಸಿಗುತ್ತವೆ. ಆಸ್ಪತ್ರೆಯ ಕೆಲಸಕ್ಕೆ ಹೋಗುವವರು ಇದನ್ನೂ ಸೇರಿಸಿಕೊಳ್ಳಿ: ಇಹ್ಯ್ ಹಾಬೆ ಬೌಖ಼್‌-ಷ್ಮೆರ್ತ್ಸನ್, ನನಗೆ ಹೊಟ್ಟೆನೋವು. ಖ಼್ ಆದ ತಕ್ಷಣ ಷ್ ಬರುವಾಗ ಒಂದನ್ನು ನುಂಗಿಬಿಡುವುದು ತುಂಬಾ ಸಾಮಾನ್ಯ.

ರೆಕಾರ್ಡ್ ಮಾಡಿದ್ದನ್ನು ತಕ್ಷಣ ಕೇಳಬೇಡಿ. ಅರ್ಧ ಗಂಟೆ ಬಿಟ್ಟು ಕೇಳಿ. ಹೇಳಿದ ಬೆನ್ನಿಗೇ ಕೇಳಿದರೆ ಹೇಳಬೇಕೆಂದಿದ್ದೇ ಕಿವಿಗೆ ಕೇಳುತ್ತದೆ. ಹೋಲಿಸಲು ಡೂಡನ್ ನಿಘಂಟಿನ ಜಾಲತಾಣದಲ್ಲಿ ಎಷ್ಟೋ ಪದಗಳ ಉಚ್ಚಾರ ಕೇಳಲು ಸಿಗುತ್ತದೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆ ಕಲಿಯುವವರಿಗಾಗಿ ನಿಧಾನವಾಗಿ ಓದಿದ ವಾರ್ತೆಗಳನ್ನು ಕೊಡುತ್ತದೆ. ವಾರ್ತೆ ಅನ್ನುವ ಪದವೇ ಒಳ್ಳೆಯ ಪಾಠ: ‘ನಾಖ಼್‌ರಿಹ್ಯ್‌ಟನ್’, ಎರಡೂ ಸದ್ದು ಅದರಲ್ಲೇ ಇವೆ.

ಫೋನ್ ಕೀಬೋರ್ಡನ್ನು ಜರ್ಮನ್‌ಗೆ ಬದಲಿಸಿ, ಮಾತಾಡಿ ಟೈಪ್ ಮಾಡುವ ಗುಂಡಿ ಒತ್ತಿ, ‘ಕಿರ್ಹ್ಯೆ’ ಅನ್ನಿ. ಇಗರ್ಜಿ ಬರುತ್ತದೋ ಚೆರಿ ಹಣ್ಣು ಬರುತ್ತದೋ ನೋಡಿ. ಒಂಟಿ ಪದಗಳನ್ನೇ ಕೊಡಿ. ಪೂರ್ತಿ ವಾಕ್ಯ ಕೊಟ್ಟರೆ ಅದು ಸಂದರ್ಭ ನೋಡಿ ಊಹಿಸಿ ಸರಿಯಾಗಿ ಬರೆದುಬಿಡುತ್ತದೆ, ನಿಮ್ಮ ತಪ್ಪು ಮುಚ್ಚಿಹೋಗುತ್ತದೆ.

## ದಾರಿ ತಪ್ಪಿದ ಗುರುತುಗಳು

ಶಿಳ್ಳೆಯಂಥ ಸದ್ದು ಬಂದರೆ ಗಾಳಿ ಹಲ್ಲಿಗೆ ಬಡಿಯುತ್ತಿದೆ, ತುದಿ ಮೇಲೆದ್ದಿದೆ. ಹಂತ 1ಕ್ಕೆ ಹಿಂತಿರುಗಿ.

ಇಹ್ಯ್ ಹೇಳುವಾಗ ಗಂಟಲು ಕೆರೆದರೆ ಖ಼್ ಹೇಳುತ್ತಿದ್ದೀರಿ. ಬಾಯನ್ನು ನಗುವಿನ ಆಕಾರಕ್ಕೆ ತಂದು ‘ಯೀ’ಯಿಂದ ಮತ್ತೆ ಶುರು ಮಾಡಿ.

ಕೆನ್ನೆ, ದವಡೆ ನೋಯುತ್ತಿದ್ದರೆ ತುಂಬಾ ಬಿಗಿ ಹಿಡಿದಿದ್ದೀರಿ. ಸದ್ದು ಸಣ್ಣದಾದರೂ ಪರವಾಗಿಲ್ಲ, ಸಡಿಲಿಸಿ.

ಬಿಡಿ ಪದ ಸರಿ ಇದ್ದು ಮಾತಲ್ಲಿ ಮಾತ್ರ ಇಶ್ ಬರುತ್ತಿದ್ದರೆ ಅದು ತಪ್ಪಿನ ಗುರುತಲ್ಲ, ನಡುಹಾದಿಯ ಗುರುತು. ನನಗೆ ಆ ಹಾದಿಯಲ್ಲೇ ಮೂರು ವಾರ ಕಳೆದವು. ಆ ದಿನಗಳಲ್ಲಿ ಮಾತಾಡುವಾಗ ‘ನಾನು’ ಅನ್ನುವ ಪದವೊಂದನ್ನೇ ಕಾಯಿರಿ. ಉಳಿದ ಸಿ-ಎಚ್‌ಗಳು ತಪ್ಪಿದರೂ ಬಿಟ್ಟುಬಿಡಿ. ಆ ಪದ ಮಾತುಮಾತಿಗೂ ಬರುತ್ತದೆ, ಅದು ಕೂತರೆ ಉಳಿದವು ಅದರ ಹಿಂದೆ ಬರುತ್ತವೆ.

ವಾಕ್ಯಗಳು ಹಿಡಿತಕ್ಕೆ ಬಂದವು ಅನ್ನಿಸಿದ ದಿನ ಪುಟ್ಟ ಬೆಂಕಿಪೊಟ್ಟಣ ಅನ್ನುವ ಪದ ಹೇಳಿ ನೋಡಿ: ಷ್ಟ್ರೈಹ್ಯ್-ಹೊಲ್ತ್ಸ್-ಷೆಹ್ಯ್-ಟೆಲ್-ಹ್ಯೆನ್. ಷ್ ಎರಡು, ಹ್ಯ್ ಮೂರು. ಕೊನೆಯ ತುಂಡಿನಿಂದ ಶುರು ಮಾಡಿ: ಹ್ಯೆನ್. ಟೆಲ್-ಹ್ಯೆನ್. ಷೆಹ್ಯ್-ಟೆಲ್-ಹ್ಯೆನ್. ಹೀಗೆ ಹಿಂದಿನಿಂದ ಮುಂದಕ್ಕೆ ಒಂದೊಂದೇ ತುಂಡು ಸೇರಿಸುತ್ತಾ ಬನ್ನಿ.